ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ತಂದೆ ಎದೆಗೆ ಕಟ್ಟಿಕೊಳ್ಳಬಹುದೇ?

ಪ್ರಶ್ನೆ (ಸೋಮವಾರಪೇಟೆ)
ನಮಸ್ಕಾರ. ನಮ್ಮ ಮಗಳು 32ನೇ ವಾರಕ್ಕೇ ಹುಟ್ಟಿದ್ದಾಳೆ. ತೂಕ 1,480 ಗ್ರಾಂ. ಉಸಿರಾಟ ಸರಿಯಾಗಿದೆ, ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದಾರೆ. ಸಿಸೇರಿಯನ್ ಆಗಿರುವ ನನ್ನ ಹೆಂಡತಿಗೆ ಹೆಚ್ಚು ಹೊತ್ತು ಕುಳಿತಿರಲು ಆಗದ ಕಾರಣ ದಿನಕ್ಕೆ ಕೆಲವು ಗಂಟೆ ನಾನೇ ಕಾಂಗರೂ ಆರೈಕೆ (ಮಗುವನ್ನು ಬರಿ ಎದೆಗೆ ಕಟ್ಟಿಕೊಂಡು ಬೆಚ್ಚಗಿಡುವುದು) ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಕಾಫಿ ತೋಟದಲ್ಲಿ ದುಡಿದು ಒರಟಾದ ಈ ಕೈಗಳಲ್ಲಿ ಅಷ್ಟು ಸಣ್ಣ ಕೂಸನ್ನು ಎತ್ತಿಕೊಳ್ಳಲು ಭಯವಾಗಿ, ನಿನ್ನೆ ಹತ್ತೇ ನಿಮಿಷಕ್ಕೆ ನರ್ಸ್ ಅವರ ಕೈಗೆ ಮರಳಿ ಕೊಟ್ಟುಬಿಟ್ಟೆ. ಬಾಣಂತನ ಗಂಡಸರ ಕೆಲಸವಲ್ಲ ಎನ್ನುವ ಮನೆಯ ಹಿರಿಯರಿಗೂ ಉತ್ತರ ಹೇಳಬೇಕಾಗಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮಡಿಕೇರಿ, ನಿವೃತ್ತ ನರ್ಸ್)
ಖಂಡಿತ ಮಾಡಬಹುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದಾಗಿ ತಾಯಂದಿರ ಎದೆಯ ಮೇಲೆಯೇ ಮಕ್ಕಳನ್ನು ಬೆಚ್ಚಗಿಡುವ ಕ್ರಮ ಆರಂಭವಾಯಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ದಿನಕ್ಕೆ 8ರಿಂದ 24 ಗಂಟೆ ಮಾಡಬೇಕೆನ್ನುತ್ತದೆ. ತಾಯಿಯೊಬ್ಬಳಿಂದಲೇ ಅಷ್ಟು ಹೊತ್ತು ಆಗುವುದಾದರೂ ಹೇಗೆ? ಹಿರಿಯರಿಗೆ ಇದನ್ನೇ ಹೇಳಿ.

ಮಗುವಿಗೆ ಟೊಪ್ಪಿ, ಕಾಲುಚೀಲ, ನ್ಯಾಪಿ ಮಾತ್ರ ಇರಲಿ. ನಿಮ್ಮ ಬರಿ ಎದೆಯ ನಡುವೆ ನೆಟ್ಟಗೆ ಇರಿಸಿ, ಕಪ್ಪೆಯಂತೆ ಕಾಲು ಮಡಚಿ, ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸಿ. ಮಗುವಿನ ಗದ್ದ ಅದರ ಎದೆಗೇ ಕುಸಿದರೆ ಉಸಿರಿಗೆ ಅಡ್ಡಿಯಾಗುತ್ತದೆ. ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗೆ ಬರುವಂತೆ ಭದ್ರವಾಗಿ ಕಟ್ಟಿದರೆ ಭಾರವನ್ನು ಬಟ್ಟೆಯೇ ಹೊರುತ್ತದೆ, ಕೈಯಲ್ಲ. ಒಮ್ಮೆ ಕುಳಿತರೆ ಕನಿಷ್ಠ ಒಂದು ಗಂಟೆ ಕುಳಿತಿರಿ, ಏಕೆಂದರೆ ಪದೇ ಪದೇ ಎತ್ತಿ ಇಳಿಸುವುದೇ ಇಂಥ ಮಕ್ಕಳಿಗೆ ಆಯಾಸ. ತುಟಿ ನೀಲಿಯಾದರೆ ಅಥವಾ ಉಸಿರು ನಿಂತಂತೆ ಕಂಡರೆ ತಕ್ಷಣ ಕರೆಯಿರಿ. ಬೀಡಿ, ಸಿಗರೇಟು ಬೇಡವೇ ಬೇಡ.

ಉತ್ತರ (ವಿರಾಜಪೇಟೆ)
ನನ್ನ ಮಗ ಏಳು ತಿಂಗಳಿಗೇ ಹುಟ್ಟಿದವನು. ಮೊದಲ ದಿನ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ. ನಾಲ್ಕನೆಯ ದಿನ ಅವನು ಬಾಯಿ ಚಪ್ಪರಿಸಿ ಮುಷ್ಟಿಯನ್ನು ತುಟಿಗೆ ತಂದಾಗ, ಅಳುವ ಮೊದಲೇ ಹಸಿವೆಂದು ಗುರುತಿಸಿ ನಾನೇ ಹಾಲು ಕೇಳಿದೆ. ಧೈರ್ಯ ಬಂದದ್ದು ಆಗಲೇ. ಮನೆಗೆ ಬಂದ ಮೇಲೆ ಕಕ್ಕಡದ ಮಳೆಯಲ್ಲಿ ಕರೆಂಟು ಹೋದ ರಾತ್ರಿಗಳಲ್ಲೂ ಅವನು ನನ್ನ ಎದೆಯ ಮೇಲೆ ಬೆಚ್ಚಗೆ ಮಲಗಿದ್ದ. ಹೆಂಡತಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ; ಇದು ನಿಮ್ಮದೇ ಕೆಲಸ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಇಂದು 70 ನಿಮಿಷ ಕುಳಿತಿದ್ದೆ. ಅವಳ ಹಿಮ್ಮಡಿ ಮೊದಲು ತಣ್ಣಗಿತ್ತು, ಏಳುವಾಗ ಬೆಚ್ಚಗಾಗಿತ್ತು. ಇಳಿಸುವಾಗ ನರ್ಸ್ ಪಕ್ಕದಲ್ಲಿ ನಿಂತು ನೋಡಿದರು, ಕೈ ಚಾಚಲಿಲ್ಲ.