‘ಎನ್ನಲಾಗಿದೆ’, ‘ಅಂತೆ’, ‘ಗದರಿದ್ದಾಗಿ’: ಕಿವಿಯಾರೆ ಕೇಳದ ಮಾತಿಗೆ ಯಾವುದು ಸರಿ?

ಪ್ರಶ್ನೆ: ಮುಚ್ಚಿದ ಬಾಗಿಲ ಸಭೆ. ವರದಿಗಾರ ಹೊರಗಿದ್ದಾನೆ. ಒಳಗಿದ್ದ ಅಧಿಕಾರಿಯೊಬ್ಬರು ಆಮೇಲೆ ಫೋನಿನಲ್ಲಿ ಹೇಳಿದ್ದನ್ನು ನೆಚ್ಚಿಕೊಂಡು ಬರೆಯುತ್ತಾನೆ: ‘ಕೆಲಸ ಆಗದಿದ್ದರೆ ಮನೆಗೆ ಹೋಗಿ’ ಎಂದು ಸಚಿವರು ಗದರಿದರು. ಸುದ್ದಿ ತಿದ್ದುವ ಡೆಸ್ಕಿನಲ್ಲಿ ಒಬ್ಬರು ಇದನ್ನು ‘ಗದರಿದರು ಎನ್ನಲಾಗಿದೆ’ ಎಂದು ತಿದ್ದುತ್ತಾರೆ, ಇನ್ನೊಬ್ಬರು ‘ಗದರಿದ್ದಾರೆಂದು ತಿಳಿದುಬಂದಿದೆ’ ಎಂದು. ಎರಡಕ್ಕೂ ಅರ್ಥ ಒಂದೇ ಏನು? ಆಡುಮಾತಿನ ‘ಅಂತೆ’ ಇಲ್ಲಿ ಯಾಕೆ ನಡೆಯುವುದಿಲ್ಲ? ಉದ್ಧರಣ ಚಿಹ್ನೆ ಉಳಿಸಬಹುದೇ?

ಉತ್ತರ 1: ಅರ್ಥ ಒಂದೇ ಅಲ್ಲ. ‘ತಿಳಿದುಬಂದಿದೆ’ ಎಂದರೆ ಪತ್ರಿಕೆಯೇ ವಿಚಾರಿಸಿ ಖಾತ್ರಿ ಮಾಡಿಕೊಂಡಿದೆ ಎಂಬ ಧ್ವನಿ. ‘ಎನ್ನಲಾಗಿದೆ’ ಎಂದರೆ ಯಾರೋ ಅನ್ನುತ್ತಿದ್ದಾರೆ, ಯಾರೆಂದು ನಾವು ಹೇಳೆವು. ಒಂದರಲ್ಲಿ ಭರವಸೆ ಹೆಚ್ಚಾಯಿತು, ಇನ್ನೊಂದರಲ್ಲಿ ಹೇಳಿದವನೇ ಮಾಯವಾದ. ಮಾನನಷ್ಟ ಮೊಕದ್ದಮೆಗೆ ಹೆದರಿ ಎಲ್ಲಕ್ಕೂ ‘ಎನ್ನಲಾಗಿದೆ’ ಅಂಟಿಸುವುದು ಬರೀ ಮಂತ್ರದ ತಾಯಿತ. ಮಾನನಷ್ಟವನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಆರೋಪ ಮಾಡಿದವರ ಜೊತೆಗೆ ಪ್ರಕಟಿಸಿದವರನ್ನೂ ಹೆಸರಿಸುತ್ತದೆ.

ಮೊದಲು ಚಿಹ್ನೆ ತೆಗೆಯಿರಿ. ಕನ್ನಡದ ‘ಎಂದು’ ಆಡಿದ ಮಾತನ್ನು ಇದ್ದಹಾಗೇ ತಂದರೂ ಬರುತ್ತದೆ, ಸಾರಾಂಶ ತಂದರೂ ಬರುತ್ತದೆ. ಆದ್ದರಿಂದ ‘ಇವು ಅವರದೇ ಪದಗಳು’ ಎಂದು ಓದುಗನಿಗೆ ಹೇಳುವುದು ಆ ಚಿಹ್ನೆ ಮಾತ್ರ. ಆಮೇಲೆ ಮಾತು ತಂದವರನ್ನು ವಾಕ್ಯದೊಳಗೆ ಕರೆಯಿರಿ: ಕೆಲಸ ಆಗದಿದ್ದರೆ ಮನೆಗೆ ಹೋಗುವಂತೆ ಸಚಿವರು ಗದರಿದ್ದಾಗಿ ಸಭೆಯಲ್ಲಿದ್ದ ಅಧಿಕಾರಿಯೊಬ್ಬರು ತಿಳಿಸಿದರು. ‘ಬಲ್ಲ ಮೂಲಗಳು’ ಎನ್ನುವುದಕ್ಕಿಂತ ‘ಸಭೆಯಲ್ಲಿದ್ದ’ ಮೇಲು, ಅವರು ಸ್ವತಃ ಕೇಳಿದ್ದಾರೆ ಎನ್ನುವುದು ಅದರಲ್ಲೇ ಬಂತು. ಒಬ್ಬರೇ ಹೇಳಿದ್ದರೆ ‘ಮೂಲಗಳು’ ಎಂಬ ಬಹುವಚನ ಸುಳ್ಳೇ ಸರಿ.

ಈ ‘-ದ್ದಾಗಿ’ ರೂಪ ಎರಡೆರಡು ‘ಎಂದು’ ಬರುವುದನ್ನು ತಪ್ಪಿಸುತ್ತದೆ. ಆದರೆ ಕರ್ತೃವನ್ನು ಬಿಟ್ಟರೆ ಕೆಟ್ಟಿತು. ‘ಹಣ ಪಡೆದಿದ್ದಾಗಿ ಗುತ್ತಿಗೆದಾರ ತಿಳಿಸಿದ’ ಎಂದರೆ ಪಡೆದವನು ಗುತ್ತಿಗೆದಾರನೇ. ‘ಎಂಜಿನಿಯರ್ ಹಣ ಪಡೆದಿದ್ದಾಗಿ’ ಎಂದು ಬರೆದರೇ ನೆಟ್ಟಗಾಗುವುದು. ಸರ್ವನಾಮದಲ್ಲೂ ಇದೇ ಪಾಡು. ‘ನನಗೇನೂ ಗೊತ್ತಿಲ್ಲ ಎಂದು ಆರೋಪಿ ಹೇಳಿದ್ದಾನೆ ಎಂದು ಇನ್‌ಸ್ಪೆಕ್ಟರ್ ತಿಳಿಸಿದರು’: ಚಿಹ್ನೆಯಿಲ್ಲದ ಈ ‘ನನಗೆ’ ಯಾರದ್ದು? ‘ತನಗೇನೂ ಗೊತ್ತಿಲ್ಲವೆಂದು ಆರೋಪಿ ಹೇಳಿದ್ದಾಗಿ’ ಎಂದರೆ ಗೊಂದಲವಿಲ್ಲ.

ಪೊಲೀಸರ ಬಾಯಿಂದ ಬಂದ ತಪ್ಪೊಪ್ಪಿಗೆಯಲ್ಲಂತೂ ಅವರನ್ನು ಬಿಡಲೇಕೂಡದು. ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂದು ನಿಲ್ಲಿಸಿದರೆ ಆರೋಪ ಸಾಬೀತಾದಂತೆಯೇ ಓದಿಸಿಕೊಳ್ಳುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎನ್ನುವುದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 23ನೇ ಸೆಕ್ಷನ್ ಆಗಿ ಉಳಿದಿದೆ.

ಕ್ರಿಯಾಪದದ ತೂಕವನ್ನೂ ನೋಡಿ. ‘ಸ್ಪಷ್ಟಪಡಿಸಿದರು’, ‘ಬಹಿರಂಗಪಡಿಸಿದರು’ ಎಂದೊಡನೆ ಹೇಳಿಕೆ ನಿಜವೆಂದು ನೀವೇ ಮೊಹರು ಒತ್ತಿದಂತೆ. ‘ಹೇಳಿಕೊಂಡಿದ್ದಾರೆ’ ಎಂದರೆ ಅನುಮಾನದ ಒಗ್ಗರಣೆ. ಬರೀ ‘ಹೇಳಿದರು’ ಸಾಕು. ಎಕ್ಸ್‌ನಲ್ಲಿ ಬರೆದದ್ದಕ್ಕೆ ಮಾತ್ರ ‘ಬರೆದಿದ್ದಾರೆ’ ಎಂದೇ ಇರಲಿ.

ಉತ್ತರ 2: ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ‘ಎನ್ನಲಾದ’ ಪದವನ್ನು ಪೂರ್ತಿ ಓಡಿಸಬೇಡಿ. ಅದನ್ನು ಎಲ್ಲಿ ಇಡುತ್ತೇವೆ ಎನ್ನುವುದೇ ಮುಖ್ಯ. ‘ಅಧಿಕಾರಿಯದ್ದೆನ್ನಲಾದ ಲಂಚದ ವಿಡಿಯೊ’ ಎಂದರೆ ಲಂಚ ನಿಜ, ವ್ಯಕ್ತಿ ಯಾರೆಂಬುದಷ್ಟೇ ಅನುಮಾನ. ‘ಅಧಿಕಾರಿ ಲಂಚ ಪಡೆದರೆನ್ನಲಾದ ವಿಡಿಯೊ’ ಎಂದರೆ ವ್ಯಕ್ತಿ ನಿಜ, ಕೃತ್ಯ ಅನುಮಾನ. ಯಾವುದು ಖಚಿತವಾಗಿಲ್ಲವೋ ಅದರ ಪಕ್ಕಕ್ಕೇ ಅಂಟಿಸಿ.

‘ಅಂತೆ’ಯ ಬಗ್ಗೆ ಕೇಳಿದ್ದಿರಿ. ‘ಬೈದರಂತೆ’ ಎಂದ ಕೂಡಲೇ ಇದು ಕೇಳಿದ ಮಾತು, ಕಂಡದ್ದಲ್ಲ ಎಂದು ತಿಳಿಯುತ್ತದೆ. ಅಷ್ಟರ ಮಟ್ಟಿಗೆ ಅದು ‘ಎನ್ನಲಾಗಿದೆ’ಗಿಂತ ಪ್ರಾಮಾಣಿಕ. ಆದರೆ ‘ಅಂತೆಕಂತೆ’ಯ ನೆರಳು ಬಿದ್ದು, ಅಚ್ಚಿನಲ್ಲಿ ಅದು ಹರಟೆ ಅಂಕಣಕ್ಕಷ್ಟೇ ಒಗ್ಗುತ್ತದೆ.

ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಆಡಿದ್ದು ಪಿಟಿಐಯಂಥ ಸುದ್ದಿ ಏಜೆನ್ಸಿ ಮೂಲಕ ಬಂದಾಗ ಕನ್ನಡದ ಪದಗಳು ಅನುವಾದಕನವು. ಪದಪದಕ್ಕೂ ಜಗಳ ಏಳಬಹುದಾದ ಹೇಳಿಕೆಯಾದರೆ ‘ಎಂಬರ್ಥದಲ್ಲಿ ಹಿಂದಿಯಲ್ಲಿ ಹೇಳಿದರು ಎಂದು ಪಿಟಿಐ ವರದಿ ಮಾಡಿದೆ’ ಎಂದು ಬರೆಯಿರಿ. ಉದ್ದವಾಯಿತೆಂದು ಹೊಟ್ಟೆ ಉರಿಯುವುದು ಬೇಡ.

ಎಷ್ಟೋ ಸಲ ಒಳಗೆ ಇಷ್ಟೆಲ್ಲ ಸರಿಮಾಡಿ ತಲೆಬರಹದಲ್ಲಿ ಮುಗ್ಗರಿಸುತ್ತೇವೆ. ‘ಮನೆಗೆ ಹೋಗಿ: ಸಚಿವರ ಗುಡುಗು’ ಎಂದರೆ ತಂದವರು ಮತ್ತೆ ಮಾಯ. ‘ಸಚಿವರ ಗುಡುಗು?’ ಎಂದು ಪ್ರಶ್ನಾರ್ಥಕ ಹಾಕಿ ಜಾರಿಕೊಳ್ಳುವುದು ಇನ್ನೂ ಹೇಡಿತನ. ‘ಸಭೆಯಲ್ಲಿ ಸಚಿವರು ಗದರಿದರು: ಅಧಿಕಾರಿ’ ಎಂದು ಕೊನೆಗೆ ಒಂದು ಪದ ಸೇರಿಸಲು ಎರಡು ಕಾಲಂನಲ್ಲೂ ಜಾಗವಿದೆ.