ವ್ಯಾನ್ ಬರೋ ಹೊತ್ತಿಗೇ ಹೊಟ್ಟೆನೋವು: ಹುಡುಗನಿಗೆ ಯಾರಾದ್ರೂ ಕಾಟ ಕೊಡ್ತಿದ್ದಾರಾ?

ನಿಟುವಳ್ಳಿ ಚಿಕ್ಕಮ್ಮ, ದಾವಣಗೆರೆ
ಅಕ್ಕನ ಮಗ, ಆರನೇ ಕ್ಲಾಸು. ಎರಡು ತಿಂಗಳಿಂದ ಬೆಳಿಗ್ಗೆ ವ್ಯಾನ್ ಬರೋ ಹೊತ್ತಿಗೆ ಹೊಟ್ಟೆನೋವು, ಭಾನುವಾರ ಇಲ್ಲ. ಜಾಮಿಟ್ರಿ ಬಾಕ್ಸ್ ಮೂರು ಸಲ ಕಳೆದಿದೆ. ಮನೆಗೆ ಬಂದವನೇ ಬಾತ್‌ರೂಮಿಗೆ ಓಡ್ತಾನೆ. ಕೇಳಿದ್ರೆ "ಏನಿಲ್ಲ". ಭಾವ "ತಿರುಗಿ ಎರಡು ಬಾರಿಸು" ಅಂತಾರೆ. ಮೊದಲು ಏನು ಮಾಡೋದು?

ಆಪ್ತಸಮಾಲೋಚಕಿ, ದಾವಣಗೆರೆ
ಮೇಡಂ, ಬಾತ್‌ರೂಮಿಗೆ ಓಡೋದನ್ನ ಹಗುರವಾಗಿ ತಗೋಬೇಡಿ. ಕಾಟ ನಡೆಯೋದು ದೊಡ್ಡವರ ಕಣ್ಣಿಲ್ಲದ ಕಡೆ: ಟಾಯ್ಲೆಟ್, ನೀರಿನ ನಲ್ಲಿ, ವ್ಯಾನಿನ ಹಿಂದಿನ ಸೀಟು. ಟಾಯ್ಲೆಟ್ಟಿಗೆ ಹೋಗೋಕೆ ಹೆದರುವ ಮಗು ದಿನವಿಡೀ ಮೂತ್ರ ಕಟ್ಟಿಕೊಳ್ಳುತ್ತೆ, ಅದಕ್ಕೇ ನೀರೂ ಕುಡಿಯಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿದೆಯಾ ನೋಡಿ. ಹೊಟ್ಟೆನೋವು ನಾಟಕ ಅಲ್ಲ, ಭಯಕ್ಕೂ ಹೊಟ್ಟೆ ನಿಜವಾಗಿ ನೋಯುತ್ತೆ. ಮೂತ್ರದ ಸೋಂಕು ಇರಬಹುದು, ಒಮ್ಮೆ ಡಾಕ್ಟರಿಗೂ ತೋರಿಸಿ.

"ಯಾರು ಹೊಡೆದ್ರು?" ಅಂತ ಶುರು ಮಾಡಬೇಡಿ. ಎದುರು ಕೂರಿಸಿಕೊಂಡೂ ಕೇಳಬೇಡಿ. ಗಾಡಿಯಲ್ಲಿ ಹೋಗುವಾಗ, ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಕೇಳಿ: "ವ್ಯಾನಲ್ಲಿ ಯಾರ ಪಕ್ಕ ಕೂರ್ತೀಯ? ಊಟಕ್ಕೆ ಯಾರ ಜೊತೆ?" ಬಾಯಿ ಬಿಟ್ಟಾಗ "ನೀನೇನು ಮಾಡಿದ್ದೆ?" ಅನ್ನೋ ಮಾತು ಬೇಡವೇ ಬೇಡ. "ಹೇಳಿದ್ದು ಒಳ್ಳೇದಾಯ್ತು ಕಂದ, ತಪ್ಪು ನಿಂದಲ್ಲ" ಅನ್ನಿ.

ತಿರುಗಿ ಬಾರಿಸೋ ಸಲಹೆ ಕೆಲಸ ಮಾಡಲ್ಲ. ಕಾಟ ಕೊಡೋರು ಸಾಮಾನ್ಯವಾಗಿ ವಯಸ್ಸಲ್ಲೋ ಗುಂಪಲ್ಲೋ ಹೆಚ್ಚಿರ್ತಾರೆ. ಪೆಟ್ಟು ತಿಂದು ಬಂದರೆ ಅಪ್ಪನಿಗೂ ಹೇಳಲಾರ, ಹೊಡೆದು ಬಂದರೆ ಕಂಪ್ಲೇಂಟು ಇವನ ಮೇಲೇ.

ದುರ್ಗದ ಮೇಷ್ಟ್ರು
ಒಂದು ನೋಟ್‌ಬುಕ್ ಇಡಿ: ತಾರೀಕು, ಜಾಗ, ಏನಾಯ್ತು, ಯಾರು ನೋಡಿದ್ರು. ಗಾಯ, ಹರಿದ ಅಂಗಿ ಇದ್ದರೆ ಫೋಟೊ. ಹೆಡ್‌ಮಾಸ್ಟರಿಗೆ ಅರ್ಜಿ 2 ಪ್ರತಿ ಬರೆದು, ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಅದು ಫೈಲಿಗೆ ಹೋಗುತ್ತೆ. ಬೇಕಾದ್ದನ್ನೇ ಬರೆಯಿರಿ: ವ್ಯಾನಲ್ಲಿ ಡ್ರೈವರ್ ಹಿಂದಿನ ಸೀಟು, ಊಟದ ಬೆಲ್ಲಿನಲ್ಲಿ ಟಾಯ್ಲೆಟ್ ಹತ್ತಿರ ಒಬ್ಬರು ದೊಡ್ಡವರು, 8 ದಿನ ಬಿಟ್ಟು ಮತ್ತೆ ಭೇಟಿ. ಶಾಲೆ ಅಲುಗಾಡದಿದ್ದರೆ ಅದೇ ಪ್ರತಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ.

ಒಂದಕ್ಕೆ ಮಾತ್ರ ಒಪ್ಪಬೇಡಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ "ಫ್ರೆಂಡ್ಸ್ ಆಗ್ರಪ್ಪ" ಅನ್ನೋ ರಾಜಿ ಬಹಳ ಕಡೆ ನಡೆಯುತ್ತೆ. ಸರಿಸಮರ ಜಗಳಕ್ಕೆ ಅದು ಸರಿ, ಇದಕ್ಕಲ್ಲ. ಹೆದರಿಸಿದವನ ಮುಂದೆ ಮಗು "ಏನೂ ಆಗಿಲ್ಲ ಸರ್" ಅನ್ನುತ್ತೆ, ಅಲ್ಲಿಗೆ ವಿಚಾರಣೆ ಮುಗೀತು. ಸಂಜೆ ವ್ಯಾನಲ್ಲಿ "ಹೇಳಿಕೊಟ್ಟೆ ಅಲ್ವಾ" ಅಂತ ಎರಡರಷ್ಟು ಕಾಟ. ಬೇರೆ ಬೇರೆ ಮಾತಾಡಿಸಲಿ. ಆ ಹುಡುಗನ ಮನೆಗೆ ನೀವೇ ಹೋಗಬೇಡಿ.

ನಿಟುವಳ್ಳಿ ಚಿಕ್ಕಮ್ಮ
ಹುಡುಗ "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಅಂದರೆ ಏನ್ ಮಾಡೋದು?

ಆಪ್ತಸಮಾಲೋಚಕಿ, ದಾವಣಗೆರೆ
ಆಣೆ ಮಾಡಬೇಡಿ, ಮುರಿದರೆ ಮತ್ತೆಂದೂ ಹೇಳಲ್ಲ. "ನಿನಗೆ ತಿಳಿಸದೆ ಏನೂ ಮಾಡಲ್ಲ" ಅನ್ನಿ, ಹಾಗೇ ನಡೆದುಕೊಳ್ಳಿ. ಬಟ್ಟೆ ಬಿಚ್ಚಿಸಿದ್ದು, ಮುಟ್ಟಬಾರದ ಕಡೆ ಮುಟ್ಟಿದ್ದು ಗೊತ್ತಾದರೆ ಶಾಲೆಯ ವಿಚಾರಣೆಗೆ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಪ್ರಕಾರ ದೊಡ್ಡವರು ಮುಚ್ಚಿಡೋದೇ ಅಪರಾಧ. "ಸತ್ತು ಹೋಗ್ತೀನಿ" ಅನ್ನೋ ಮಾತು ಬಂದರೆ ಅವನನ್ನ ಒಬ್ಬನೇ ಬಿಡಬೇಡಿ, ಆಗಲೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ. ರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.