ಸೋಫಿ ಹೋಗುವ ತನಕ ಬದನೆ ಸಸಿ ಒಳಗೇ ಇರಲಿ

ಮ್ಯೂನಿಕ್‌ಗೆ ಹೊಸದಾಗಿ ಬಂದವರೊಬ್ಬರು ಬದನೆ, ಬೆಂಡೆ ಸಸಿ ಯಾವಾಗ ಹೊರಗೆ ನೆಡಬಹುದು ಅಂತ ಕೇಳಿದ್ದೀರಿ. ಮೇ 15 ದಾಟಲಿ. ಇದನ್ನು ನನಗೆ ಹೇಳಿಕೊಟ್ಟವಳು ಮಗಳು. ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಆಗ ಅವಳಿಗೆ ಐದು ವರ್ಷ. ಕಿಂಡರ್‌ಗಾರ್ಟನ್‌ನಿಂದ ಬಂದವಳೇ, "ಅಮ್ಮ, ಸೋಫಿ ಇನ್ನೂ ಬಂದಿಲ್ಲ" ಅಂದಳು. ಯಾರೋ ಗೆಳತಿ ಇರಬೇಕು ಅಂದುಕೊಂಡು, "ಬಂದಾಗ ಬಾಗಿಲು ತೆಗೆಯೋಣ ಬಿಡು" ಅಂದೆ. ವಾರದಿಂದ ಒಳ್ಳೆ ಬಿಸಿಲು, ಸಸಿಗಳನ್ನೆಲ್ಲ ಮಡಿಗೆ ಇಳಿಸಿದೆ. ಮೋಡ, ಗಾಳಿ ಎರಡೂ ಇಲ್ಲದ ಒಂದು ರಾತ್ರಿ ಕಳೆದು ಬೆಳಗಾದರೆ ಎಲೆಗಳೆಲ್ಲ ಬೆಂದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿದ್ದವು.

ಮೇ 11ರಿಂದ 15ರವರೆಗಿನ ದಿನಗಳಿಗೆ ಇಲ್ಲಿ ಐಸ್‌ಹೈಲಿಗೆ ಅನ್ನುತ್ತಾರೆ, ಹಿಮದ ಸಂತರು. ಬೇಸಿಗೆಗೆ ಮುಂಚಿನ ಕೊನೆಯ ಹಿಮದ ಭಯ ಇರುವ ದಿನಗಳಿವು, ದಿನಕ್ಕೊಬ್ಬ ಸಂತರ ಹೆಸರು: ಮಾಮೆರ್ಟುಸ್, ಪಾಂಕ್ರಾಟಿಯುಸ್, ಸೆರ್ವಾಟಿಯುಸ್, ಬೊನಿಫಾಟಿಯುಸ್, ಕೊನೆಗೆ 'ಕಾಲ್ಟೆ ಸೋಫಿ', ಅಂದರೆ ತಣ್ಣನೆಯ ಸೋಫಿ. ಪ್ರತಿ ವರ್ಷ ಬಂದೇ ಬರುತ್ತಾರೆ ಅಂತಲ್ಲ. ಬಂದ ವರ್ಷ ಮಾತ್ರ ಯಾರನ್ನೂ ಬಿಡುವುದಿಲ್ಲ. ಒಮ್ಮೊಮ್ಮೆ ಚಳಿ ಅದಕ್ಕೂ ಮುಂಚೆಯೇ ಬಂದು ಹೊಡೆಯುತ್ತದೆ: 2024ರ ಏಪ್ರಿಲ್ ಕೊನೆಯಲ್ಲಿ ಸ್ಯಾಕ್ಸನಿಯ ದ್ರಾಕ್ಷಿ ತೋಟಗಳೇ ಹಿಮಕ್ಕೆ ಸುಟ್ಟುಹೋದವು.

ಫೋನ್‌ನಲ್ಲಿ 3 ಡಿಗ್ರಿ ಅಂತಿದ್ದರೆ ನಂಬಿ ಮಲಗಬೇಡಿ. ಆ ಅಳತೆ ನೆಲದಿಂದ 2 ಮೀಟರ್ ಎತ್ತರದ್ದು. ಮೋಡವಿಲ್ಲದ ರಾತ್ರಿ ನೆಲದ ಕಾವು ನೇರ ಆಕಾಶಕ್ಕೆ ಹೋಗಿ, ಸಸಿಯ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಿಳಿದಿರಬಹುದು. ಹಳೇ ಪಂಚೆಯೋ ಬೆಡ್‌ಶೀಟೋ ನೆಲ ಮುಟ್ಟುವಂತೆ ಹೊದಿಸಿ, ಬಿಸಿಲು ಬಂದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೇ ಸುಡುತ್ತದೆ. ಕೊತ್ತಂಬರಿ, ಪಾಲಕ್‌ಗೆ ಈ ರಗಳೆ ಇಲ್ಲ, ಏಪ್ರಿಲ್‌ನಲ್ಲೇ ಬಿತ್ತಬಹುದು. ಕರಿಬೇವಿನ ಕುಂಡ ಮಾತ್ರ ರಾತ್ರಿಗಳು 10 ಡಿಗ್ರಿಯ ಮೇಲೆ ನಿಲ್ಲುವ ತನಕ ಕಿಟಕಿಯ ಒಳಗೇ ಇರಲಿ. ಅದನ್ನು ಕಳೆದುಕೊಂಡ ದುಃಖ ಬೇರೆಯೇ.

ಊರಿಗೆ ಫೋನ್ ಮಾಡಿ ಸಸಿ ಹೋದದ್ದು ಹೇಳಿದರೆ ನಮ್ಮಮ್ಮನಿಗೆ ಅಲ್ಲಿನದೇ ಲೆಕ್ಕ: "ಭರಣಿ ಮಳೆ ಬರಲೇ ಇಲ್ಲ ಕಣೇ, 11ಕ್ಕೆ ಕೃತ್ತಿಕೆ ಹುಟ್ಟುತ್ತೆ, ನೋಡೋಣ." ಪಕ್ಕದಲ್ಲಿದ್ದ ಮಗಳಿಗೆ ಅಷ್ಟೇ ಸಾಕಾಯಿತು. ಅದೇ 11ನೇ ತಾರೀಕು!

"ಕೃತ್ತಿಕೆಯೂ ಸೋಫಿ ಥರಾನಾ ಅಜ್ಜಿ?"

"ಒಬ್ಬಳಲ್ಲ ಪುಟ್ಟಿ, ಆರು ಜನ."